ಭೂಪ್ರದಕ್ಷಿಣೆ ವಿಮಾನ ಟಿಕೆಟ್: ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಟಿಕೆಟ್‌ನಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿ ಬರಬಹುದು ಎಂದು ಕೇಳಿದವರಿಗೆಲ್ಲ ಆಸೆ ಹುಟ್ಟುತ್ತದೆ. ನಿಯಮಗಳ ಪುಟ ತೆರೆದ ಮೇಲೆ ಬಹಳ ಮಂದಿ ಅಲ್ಲೇ ಕೈಬಿಡುತ್ತಾರೆ. ಆ ನಿಯಮಗಳು ಕಾಣುವಷ್ಟು ಗೋಜಲಾಗಿಲ್ಲ. ಈ ಟಿಕೆಟ್ ದಾರಿಯ ವಿಷಯದಲ್ಲಿ ಬಿಗಿ, ದಿನಾಂಕದ ವಿಷಯದಲ್ಲಿ ಸಡಿಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೆಳಗಿನ ಉತ್ತರಗಳಲ್ಲಿ ಮುಕ್ಕಾಲು ಪಾಲನ್ನು ನೀವೇ ಊಹಿಸಬಹುದು.

ಭೂಪ್ರದಕ್ಷಿಣೆ ಟಿಕೆಟ್ ಎಂದರೆ ನಿಖರವಾಗಿ ಏನು?

ಹಲವು ವಿಮಾನಯಾನ ಸಂಸ್ಥೆಗಳು ಸೇರಿ ಕಟ್ಟಿಕೊಂಡ ಮೈತ್ರಿಕೂಟವೊಂದು ತನ್ನ ಎಲ್ಲ ಸದಸ್ಯರ ವಿಮಾನಗಳಿಗೂ ಅನ್ವಯಿಸುವಂತೆ ಮಾರುವ ಒಂದೇ ದರದ ಟಿಕೆಟ್. ನೀವು ಒಂದೇ ದಿಕ್ಕಿನಲ್ಲಿ ಸಾಗಬೇಕು, ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ತಲಾ ಒಂದು ಬಾರಿ ದಾಟಬೇಕು, ಹೊರಟಲ್ಲಿಗೆ ಮರಳಬೇಕು. ಪ್ರತಿ ಹಾರಾಟಕ್ಕೂ ಬೇರೆ ಬೆಲೆ ಇರುವುದಿಲ್ಲ. ಇಡೀ ಸುತ್ತಿಗೆ ಒಂದು ಮೂಲದರ, ಅದರ ಮೇಲೆ ತೆರಿಗೆ ಮತ್ತು ಶುಲ್ಕಗಳು.

ಕಲ್ಪನೆ ಹಳೆಯದು. ಪ್ಯಾನ್ ಆಮ್ ಸಂಸ್ಥೆ 1947ರ ಜೂನ್‌ನಲ್ಲೇ ನ್ಯೂಯಾರ್ಕ್‌ನಿಂದ ಭೂಮಿಯ ಸುತ್ತ ನಿಗದಿತ ಪ್ರಯಾಣಿಕ ಸೇವೆ ಆರಂಭಿಸಿತ್ತು. ಆಗ ಒಂದೇ ಸಂಸ್ಥೆ ಸುತ್ತು ಹಾಕಿಸುತ್ತಿತ್ತು, ಈಗ ಆ ಕೆಲಸವನ್ನು ಹತ್ತಾರು ಸಂಸ್ಥೆಗಳು ಹಂಚಿಕೊಂಡಿವೆ.

ಯಾವ ಮೈತ್ರಿಕೂಟಗಳು ಇದನ್ನು ಮಾರುತ್ತವೆ?

ದೊಡ್ಡ ಕೂಟಗಳು ಮೂರು. 1997ರಲ್ಲಿ ಏರ್ ಕೆನಡಾ, ಲುಫ್ತಾನ್ಸಾ, ಎಸ್‌ಎಎಸ್, ಥಾಯ್ ಮತ್ತು ಯುನೈಟೆಡ್ ಸೇರಿ ಕಟ್ಟಿದ ಸ್ಟಾರ್ ಅಲಯನ್ಸ್. 1999ರಲ್ಲಿ ಅಮೆರಿಕನ್, ಬ್ರಿಟಿಷ್ ಏರ್‌ವೇಸ್, ಕ್ಯಾಥೆ ಪೆಸಿಫಿಕ್, ಕ್ವಾಂಟಸ್ ಮೊದಲಾದವು ಆರಂಭಿಸಿದ ಒನ್‌ವರ್ಲ್ಡ್. 2000ದಲ್ಲಿ ಬಂದ ಸ್ಕೈಟೀಮ್. ಸ್ಕೈಟೀಮ್ ಕೂಡ ಇಂಥ ಟಿಕೆಟ್ ಮಾರಿದ್ದುಂಟು. ಆದರೆ ಈ ವಿಷಯದಲ್ಲಿ ಜನ ಹೆಚ್ಚು ಮಾತನಾಡುವುದು ಮೊದಲೆರಡರ ಬಗ್ಗೆ. ಇಲ್ಲಿಯೂ ಅವೇ ಮುಖ್ಯ. ಎಮಿರೇಟ್ಸ್, ಎತಿಹಾದ್‌ನಂಥ ಸಂಸ್ಥೆಗಳು ಈ ಮೂರರಲ್ಲಿ ಯಾವುದಕ್ಕೂ ಸೇರಿಲ್ಲ. ಅಗ್ಗದ ದರದ ಸಂಸ್ಥೆಗಳಲ್ಲಿಯೂ ಹೆಚ್ಚಿನವು ಹೊರಗೇ ಇವೆ.

ಸದಸ್ಯತ್ವವೂ ಶಾಶ್ವತವಲ್ಲ. ಸ್ಟಾರ್ ಅಲಯನ್ಸ್‌ನ ಸ್ಥಾಪಕರಲ್ಲಿ ಒಂದಾದ ಎಸ್‌ಎಎಸ್ 2024ರ ಸೆಪ್ಟೆಂಬರ್‌ನಲ್ಲಿ ಸ್ಕೈಟೀಮ್ ಸೇರಿತು. ದಕ್ಷಿಣ ಅಮೆರಿಕದ ಲಾಟಾಮ್ ಸಂಸ್ಥೆ 2020ರ ಮೇ ತಿಂಗಳಿನಲ್ಲಿ ಒನ್‌ವರ್ಲ್ಡ್ ಬಿಟ್ಟಿತು. ಅದರೊಂದಿಗೆ ಆ ಕೂಟದ ಟಿಕೆಟ್‌ನಲ್ಲಿ ದಕ್ಷಿಣ ಅಮೆರಿಕದೊಳಗೆ ಓಡಾಡುವ ಸುಖವೂ ಹೋಯಿತು. ಹಾಗಾಗಿ ಐದಾರು ವರ್ಷ ಹಳೆಯ ಪ್ರವಾಸಕಥನ ಓದಿ ಮಾರ್ಗ ಹಾಕಿಕೊಳ್ಳಬೇಡಿ.

ಎರಡು ಕೂಟಗಳ ಟಿಕೆಟ್‌ಗಳ ನಡುವಿನ ಮೂಲ ವ್ಯತ್ಯಾಸವೇನು?

ಸ್ಟಾರ್ ಅಲಯನ್ಸ್ ಮೈಲಿ ಎಣಿಸುತ್ತದೆ, ಒನ್‌ವರ್ಲ್ಡ್‌ನ ಟಿಕೆಟಾದ ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್ ಖಂಡ ಎಣಿಸುತ್ತದೆ. ಉಳಿದ ವ್ಯತ್ಯಾಸಗಳೆಲ್ಲ ಇದರಿಂದಲೇ ಹುಟ್ಟಿದವು.

ಸ್ಟಾರ್‌ನಲ್ಲಿ 26,000, 29,000, 34,000 ಮತ್ತು 39,000 ಮೈಲಿಗಳ ಹಂತಗಳಿವೆ. ನಿಮ್ಮ ಮಾರ್ಗದ ಒಟ್ಟು ದೂರ ಯಾವ ಹಂತದೊಳಗೆ ಬೀಳುತ್ತದೋ ಆ ಹಂತದ ದರ. ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್‌ನಲ್ಲಿ ಮೂರರಿಂದ ಆರು ಖಂಡಗಳ ತನಕ ದರ ಏರುತ್ತದೆ; ಖಂಡದೊಳಗೆ ಎಷ್ಟು ದೂರ ಹಾರಿದಿರಿ ಎಂಬುದನ್ನು ಯಾರೂ ಕೇಳುವುದಿಲ್ಲ. ಒನ್‌ವರ್ಲ್ಡ್ ತನ್ನದೇ ಆದ ಮೈಲಿ ಆಧಾರಿತ ಟಿಕೆಟನ್ನು ಗ್ಲೋಬಲ್ ಎಕ್ಸ್‌ಪ್ಲೋರರ್ ಎಂಬ ಹೆಸರಿನಲ್ಲಿ ಮಾರಿದೆ. ಹೆಸರು ಹತ್ತಿರವಾದ್ದರಿಂದ ಗೊಂದಲ ಸಹಜ. ಯಾರಾದರೂ ಸಲಹೆ ಕೊಟ್ಟರೆ ಯಾವ ಎಕ್ಸ್‌ಪ್ಲೋರರ್ ಎಂದು ಮೊದಲು ಕೇಳಿ.

ಕಡಿಮೆ ಊರುಗಳು, ಉತ್ತರಾರ್ಧಗೋಳದಲ್ಲಿ ಅಡ್ಡಕ್ಕೆ ಸಾಗುವ ಮಾರ್ಗ ಎಂದಾದರೆ ಮೈಲಿ ಲೆಕ್ಕ ಲಾಭ. ಉದ್ದುದ್ದ ಹಾರಾಟಗಳು, ದಕ್ಷಿಣಕ್ಕೆ ಇಳಿದು ಮತ್ತೆ ಉತ್ತರಕ್ಕೆ ಏರುವ ಮಾರ್ಗ ಎಂದಾದರೆ ಖಂಡದ ಲೆಕ್ಕ ಲಾಭ.

26,000 ಮೈಲಿ ಎಂದರೆ ಎಷ್ಟು ದೂರ? ಸಾಕಾಗುತ್ತದೆಯೇ?

ಸಮಭಾಜಕದ ಮೇಲೆ ಭೂಮಿಯ ಸುತ್ತಳತೆ 24,901 ಮೈಲಿ. ಈ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿದವರು ಗಾಬರಿಯಾಗುತ್ತಾರೆ. ಆದರೆ ಪ್ರಯಾಣಿಕ ವಿಮಾನಗಳ ಮುಖ್ಯ ದಾರಿಗಳು ಸಮಭಾಜಕಕ್ಕಿಂತ ಬಹಳ ಮೇಲೆ, ಸುತ್ತಳತೆ ಚಿಕ್ಕದಾಗುವ ಕಡೆ ಇರುತ್ತವೆ.

ಒಂದು ಮಾರ್ಗ ಹಾಕಿ ನೋಡೋಣ; ದೂರಗಳೆಲ್ಲ ಅಂದಾಜು. ಫ್ರಾಂಕ್‌ಫರ್ಟ್‌ನಿಂದ ಸಿಂಗಪುರ 6,400 ಮೈಲಿ. ಅಲ್ಲಿಂದ ಟೋಕಿಯೊ 3,300. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊ 5,150. ಅಮೆರಿಕವನ್ನು ಅಡ್ಡ ದಾಟಿ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್ 2,550. ಮರಳಿ ಫ್ರಾಂಕ್‌ಫರ್ಟ್ 3,850. ಒಟ್ಟು 21,250. ಇನ್ನೂ ನಾಲ್ಕೂಮುಕ್ಕಾಲು ಸಾವಿರ ಮೈಲಿ ಕೈಯಲ್ಲಿದೆ.

ಈಗ ಸಿಡ್ನಿ ಸೇರಿಸಿ. ಸಿಂಗಪುರದಿಂದ ಸಿಡ್ನಿಗೆ 3,900, ಸಿಡ್ನಿಯಿಂದ ಟೋಕಿಯೊಗೆ 4,850. ಒಟ್ಟು 26,700 ಆಯಿತು. ಏಳುನೂರು ಮೈಲಿ ಹೆಚ್ಚಾದದ್ದಕ್ಕೆ ನೇರವಾಗಿ 29,000ದ ಹಂತಕ್ಕೆ ಜಿಗಿತ. ಕ್ರಮ ಬದಲಿಸಿ ಟೋಕಿಯೊ, ಸಿಂಗಪುರ, ಸಿಡ್ನಿ ಎಂದು ಹೋಗಿ ಸಿಡ್ನಿಯಿಂದಲೇ ಸ್ಯಾನ್ ಫ್ರಾನ್ಸಿಸ್ಕೊಗೆ ಹಾರಿದರೂ 26,800ರ ಆಸುಪಾಸು, ಪ್ರಯೋಜನವಿಲ್ಲ. ಸಿಂಗಪುರ ಮತ್ತು ಟೋಕಿಯೊಗಳಲ್ಲಿ ಒಂದನ್ನು ಬಿಟ್ಟರೆ ಮಾತ್ರ ಲೆಕ್ಕ 24,000ದ ಹತ್ತಿರಕ್ಕೆ ಇಳಿಯುತ್ತದೆ. ಹಣ ಕಟ್ಟುವ ಮೊದಲು ಇಂಥ ಕೂಡುವ ಕಳೆಯುವ ಆಟವನ್ನು ನಾಲ್ಕಾರು ರೀತಿಯಲ್ಲಿ ಆಡಿ ನೋಡಬೇಕು. ಇದರಲ್ಲಿ ಮಜವೂ ಇದೆ.

ಇದೇ ಊರುಗಳನ್ನು ಖಂಡದ ಲೆಕ್ಕಕ್ಕೆ ಹಾಕಿದರೆ ಸಿಡ್ನಿ ಇಲ್ಲದೆ ಮೂರು ಖಂಡ, ಸಿಡ್ನಿ ಸೇರಿದರೆ ನಾಲ್ಕು. ಅಲ್ಲಿಯೂ ಒಂದು ಹಂತ ಏರಿತು. ಆದರೆ ಏರಿದ ಮೇಲೆ ಟೋಕಿಯೊ, ಸಿಂಗಪುರ ಎರಡೂ ಉಳಿಯುತ್ತವೆ. ಸಿಡ್ನಿಯ ಜೊತೆಗೆ ಪರ್ತ್ ಸೇರಿಸಿದರೂ ದರ ಬದಲಾಗುವುದಿಲ್ಲ.

ಲೆಕ್ಕಕ್ಕೆ ಹಿಡಿಯುವುದು ದರಪಟ್ಟಿಗೆಂದು ನಿಗದಿಯಾದ ಊರಿಂದೂರಿನ ದೂರವನ್ನು. ಆಕಾಶಮಾರ್ಗ ಮುಚ್ಚಿದ್ದರಿಂದಲೋ ಗಾಳಿಯಿಂದಲೋ ವಿಮಾನ ಎಷ್ಟು ಬಳಸಿಕೊಂಡು ಹೋಯಿತು ಎಂಬುದು ಇದರಲ್ಲಿ ಬರುವುದಿಲ್ಲ.

ಖಂಡಗಳನ್ನು ಹೇಗೆ ಎಣಿಸುತ್ತಾರೆ? ಭೂಗೋಳದಲ್ಲಿ ಕಲಿತ ಹಾಗೆಯೇ?

ಅಲ್ಲ. ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್‌ನ ಭೂಪಟದಲ್ಲಿ ಯುರೋಪ್ ಮತ್ತು ಮಧ್ಯಪ್ರಾಚ್ಯ ಸೇರಿ ಒಂದೇ ಖಂಡ. ಕೈರೊ, ಕಾಸಾಬ್ಲಾಂಕಾ ಕೂಡ ಅದರಲ್ಲೇ. ಆಫ್ರಿಕದ ಲೆಕ್ಕ ಅವುಗಳ ದಕ್ಷಿಣದಲ್ಲಿ ಆರಂಭವಾಗುತ್ತದೆ. ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು ಉತ್ತರ ಅಮೆರಿಕಕ್ಕೆ ಸೇರುತ್ತವೆ, ಹವಾಯಿಯೂ ಅಲ್ಲಿಗೇ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಸುತ್ತಲಿನ ದ್ವೀಪಗಳದ್ದು ನೈರುತ್ಯ ಪೆಸಿಫಿಕ್ ಎಂಬ ಪ್ರತ್ಯೇಕ ಖಂಡ.

ಪಿರಮಿಡ್ ನೋಡಿಬಂದು ‘ಆಫ್ರಿಕವೂ ಆಯಿತು’ ಎಂದು ಎಣಿಸಿಕೊಂಡವರು ಒಂದು ಖಂಡದ ಹಣ ಉಳಿಸಿದ್ದಾರೆ ಎಂದೇ ಅರ್ಥ.

ಎಡವುವ ಜಾಗ ಬೇರೆ ಇದೆ. ನೀವು ಇಳಿದು ಊರು ನೋಡಿದ ಖಂಡಗಳಷ್ಟೇ ಅಲ್ಲ, ವಿಮಾನ ಬದಲಿಸಲು ಹಾದುಹೋದ ಖಂಡವೂ ಎಣಿಕೆಗೆ ಬರುತ್ತದೆ. ಏಷ್ಯದಿಂದ ಆಫ್ರಿಕಕ್ಕೆ ದೋಹಾ ಮೂಲಕ ಹೋದರೆ ಎರಡು ಗಂಟೆ ಕಾದ ಆ ನಿಲ್ದಾಣವೂ ಯುರೋಪ್–ಮಧ್ಯಪ್ರಾಚ್ಯದ ಲೆಕ್ಕವೇ.

ಒಂದೇ ದಿಕ್ಕು ಎಂದರೆ ಹಿಂದೆ ಬರುವಂತೆಯೇ ಇಲ್ಲವೇ?

ಬರಬಹುದು, ಖಂಡದೊಳಗೆ. ಅಂತರರಾಷ್ಟ್ರೀಯ ವಿಮಾನಯಾನ ಸಂಘವಾದ ಐಎಟಿಎ ಜಗತ್ತನ್ನು ಮೂರು ವಲಯಗಳಾಗಿ ವಿಂಗಡಿಸಿದೆ: ಅಮೆರಿಕ ಖಂಡಗಳು ಮೊದಲನೆಯದು; ಯುರೋಪ್, ಮಧ್ಯಪ್ರಾಚ್ಯ, ಆಫ್ರಿಕ ಎರಡನೆಯದು; ಏಷ್ಯ ಮತ್ತು ನೈರುತ್ಯ ಪೆಸಿಫಿಕ್ ಮೂರನೆಯದು. ಒಂದು ವಲಯದಿಂದ ಇನ್ನೊಂದಕ್ಕೆ ದಾಟುವಾಗ ದಿಕ್ಕು ತಪ್ಪಬಾರದು. ಏಷ್ಯ ಬಿಟ್ಟು ಯುರೋಪ್ ತಲುಪಿದವರು ಮತ್ತೆ ಏಷ್ಯಕ್ಕೆ ತಿರುಗುವಂತಿಲ್ಲ. ಆದರೆ ಯುರೋಪಿನೊಳಗೆ ಮ್ಯಾಡ್ರಿಡ್‌ನಿಂದ ಹೆಲ್ಸಿಂಕಿಗೆ, ಅಲ್ಲಿಂದ ಲಂಡನ್‌ಗೆ ಎಂದು ಹಿಂದೆ ಮುಂದೆ ಓಡಾಡಿದರೆ ತಕರಾರಿಲ್ಲ.

ಒನ್‌ವರ್ಲ್ಡ್‌ನಲ್ಲಿ ಖಂಡವೊಂದಕ್ಕೆ ಹೊರಗಿನಿಂದ ಒಂದೇ ಪ್ರವೇಶ, ಒಂದೇ ನಿರ್ಗಮನ ಎಂಬ ಸಾಮಾನ್ಯ ಕಟ್ಟಳೆಯೂ ಉಂಟು. ಮೂಲೆಯ ಖಂಡಗಳಿಗೆ ಹೋಗಿಬರಲು ಬೇರೆ ದಾರಿ ಇಲ್ಲದ್ದರಿಂದ ಇದಕ್ಕೆ ವಿನಾಯಿತಿಗಳಿವೆ. ದಕ್ಷಿಣ ಅಮೆರಿಕಕ್ಕೆ ಉತ್ತರ ಅಮೆರಿಕದಿಂದ ಇಳಿದು ಅಲ್ಲಿಗೇ ಮರಳುವುದು ಅಂಥದ್ದೊಂದು.

ಎಷ್ಟು ಊರುಗಳಲ್ಲಿ ಇಳಿಯಬಹುದು? ಈ ‘16’ ಎಂಬ ಅಂಕಿ ಎಲ್ಲಿಂದ ಬಂತು?

ಎರಡೂ ಕೂಟಗಳಲ್ಲಿ ಒಂದು ಟಿಕೆಟ್‌ಗೆ ಗರಿಷ್ಠ 16 ಸೆಗ್ಮೆಂಟ್‌ಗಳು, ಅಂದರೆ ಪ್ರಯಾಣದ ತುಂಡುಗಳು. ಕಾರಣ ಟಿಕೆಟ್‌ನ ರಚನೆಯಲ್ಲೇ ಕಾಣುತ್ತದೆ. ಒಂದು ಟಿಕೆಟ್ ಸಂಖ್ಯೆಯಡಿ ನಾಲ್ಕು ಕೂಪನ್‌ಗಳು ಮಾತ್ರ ಹಿಡಿಯುತ್ತವೆ, ಒಂದು ಹಾರಾಟಕ್ಕೆ ಒಂದು ಕೂಪನ್. ಹಾಗೆ ನಾಲ್ಕು ಟಿಕೆಟ್‌ಗಳನ್ನು ಒಂದರ ಹಿಂದೊಂದು ಪೋಣಿಸಿದರೆ ಹದಿನಾರು. ನಿಮ್ಮ ರಸೀದಿಯಲ್ಲಿ ಅನುಕ್ರಮವಾದ ನಾಲ್ಕು ಸಂಖ್ಯೆಗಳು ಕಂಡರೆ ನಾಲ್ಕು ಬಾರಿ ಹಣ ಕಡಿತವಾಯಿತೆಂದು ಹೆದರಬೇಕಿಲ್ಲ.

ಸ್ಟಾರ್‌ನಲ್ಲಿ ಗರಿಷ್ಠ 15 ಕಡೆ ತಂಗಬಹುದು. ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್‌ನಲ್ಲಿ ಒಂದೊಂದು ಖಂಡದೊಳಗೆ ನಾಲ್ಕು ಹಾರಾಟಗಳ ಮಿತಿ. ಉತ್ತರ ಅಮೆರಿಕಕ್ಕೆ ಮಾತ್ರ ಆರು. ಹೊರಟ ಖಂಡದಲ್ಲಿ ಎರಡಕ್ಕಿಂತ ಹೆಚ್ಚು ಕಡೆ ತಂಗುವಂತಿಲ್ಲ.

ನೇರ ಹಾರಾಟವಿಲ್ಲದ ಪ್ರತಿ ಊರು ಎರಡು ಸೆಗ್ಮೆಂಟ್ ತಿನ್ನುತ್ತದೆ. ಹದಿನಾರು ಎಂದರೆ ಹದಿನಾರು ಊರು ಎಂದು ಪಟ್ಟಿ ಬರೆದು ಕುಳಿತವರಿಗೆ ಕೊನೆಗೆ ಉಳಿಯುವುದು ಎಂಟೊಂಬತ್ತು. ಇನ್ನೊಂದು ಸೂಕ್ಷ್ಮ: ಒಂದೇ ಸಂಖ್ಯೆಯ ವಿಮಾನ ನಡುವೆ ಒಂದು ಕಡೆ ನಿಂತು ಹೋದರೆ ಅದು ಒಂದೇ ಕೂಪನ್. ಕ್ವಾಂಟಸ್‌ನ ಕ್ಯೂಎಫ್ 1 ಸಿಡ್ನಿಯಿಂದ ಸಿಂಗಪುರ ಮಾರ್ಗವಾಗಿ ಲಂಡನ್‌ಗೆ ಹೋಗುತ್ತದೆ. ಸಿಂಗಪುರದಲ್ಲಿ ಕಾಲು ಚಾಚಿ ಅದೇ ವಿಮಾನ ಹತ್ತಿದರೆ ಒಂದು ಸೆಗ್ಮೆಂಟ್, ಅಲ್ಲಿ ಮೂರು ದಿನ ಉಳಿದರೆ ಎರಡು.

ತಂಗುವುದಕ್ಕೂ ಟ್ರಾನ್ಸಿಟ್‌ಗೂ ಏನು ವ್ಯತ್ಯಾಸ?

24 ಗಂಟೆ. ಅದಕ್ಕಿಂತ ಹೆಚ್ಚು ಹೊತ್ತು ಒಂದು ಊರಿನಲ್ಲಿದ್ದರೆ ಅದು ಸ್ಟಾಪ್‌ಓವರ್, ಕಡಿಮೆಯಾದರೆ ಟ್ರಾನ್ಸಿಟ್. ಬೆಳಗ್ಗೆ ಎಂಟಕ್ಕೆ ಇಳಿದು ಮರುದಿನ ಬೆಳಗ್ಗೆ ಏಳಕ್ಕೆ ಹಾರಿದರೆ ಒಂದು ಹಗಲು, ಒಂದು ರಾತ್ರಿ ಊರು ನೋಡಿದ್ದೂ ಆಯಿತು, ಲೆಕ್ಕಕ್ಕೆ ಬರಲೂ ಇಲ್ಲ. ತಂಗುವ ಮಿತಿ ಮುಗಿಯುತ್ತ ಬಂದಾಗ ಈ ಉಪಾಯ ಕೈಹಿಡಿಯುತ್ತದೆ. ಸೆಗ್ಮೆಂಟ್ ಮಾತ್ರ ಖರ್ಚಾಗಿಯೇ ಆಗುತ್ತದೆ.

ಒಂದು ಊರಿನಲ್ಲಿ ಇಳಿದು ರೈಲಿನಲ್ಲಿ ಇನ್ನೊಂದಕ್ಕೆ ಹೋಗಿ ಅಲ್ಲಿಂದ ಹಾರಬಹುದೇ?

ಖಂಡಿತ. ಇದಕ್ಕೆ ಸರ್ಫೇಸ್ ಸೆಕ್ಟರ್ ಎನ್ನುತ್ತಾರೆ. ಆ ದಾರಿಯ ಖರ್ಚು ನಿಮ್ಮದು. ಆದರೂ ಟಿಕೆಟ್ ಅದನ್ನು ಮರೆಯುವುದಿಲ್ಲ: ಒನ್‌ವರ್ಲ್ಡ್ ಅದನ್ನು ಹದಿನಾರರಲ್ಲಿ ಒಂದು ಸೆಗ್ಮೆಂಟ್ ಎಂದು ಎಣಿಸುತ್ತದೆ, ಸ್ಟಾರ್ ಆ ಎರಡು ಊರುಗಳ ನಡುವಿನ ಮೈಲಿಗಳನ್ನು ಒಟ್ಟಿಗೆ ಸೇರಿಸುತ್ತದೆ. ನೀವು ಬಸ್ಸಿನಲ್ಲಿ ಸಾಗಿದ ದೂರಕ್ಕೂ ವಿಮಾನದ ಮೈಲಿ ಖರ್ಚಾಗುವುದು ಅನ್ಯಾಯವೆನ್ನಿಸಬಹುದು. ಹಾಗಿದ್ದರೂ ಆ ಹಾದಿಯಲ್ಲಿ ಮೈತ್ರಿಕೂಟದ ವಿಮಾನವೇ ಇಲ್ಲದಾಗ ಇದೊಂದೇ ಪರಿಹಾರ.

ಎಷ್ಟು ಕಾಲ ಸುತ್ತಬಹುದು?

ಕನಿಷ್ಠ ಹತ್ತು ದಿನ, ಗರಿಷ್ಠ ಒಂದು ವರ್ಷ. ವರ್ಷದ ಎಣಿಕೆ ಮೊದಲ ಹಾರಾಟದ ದಿನದಿಂದ.

ವಿಮಾನಗಳ ವೇಳಾಪಟ್ಟಿ ಒಂದು ವರ್ಷ ಮುಂದಕ್ಕೆ ತೆರೆದಿರುವುದೇ ಇಲ್ಲವಲ್ಲ. ಕೊನೆಯ ಹಾರಾಟಗಳನ್ನು ಹೇಗೆ ಕಾಯ್ದಿರಿಸುವುದು?

ಹೆಚ್ಚಿನ ಸಂಸ್ಥೆಗಳು ಸುಮಾರು 330ರಿಂದ 360 ದಿನ ಮುಂದಿನ ತನಕ ಮಾತ್ರ ಸೀಟು ಮಾರುತ್ತವೆ. ಹೊರಡುವ ಮೂರು ತಿಂಗಳು ಮೊದಲೇ ಟಿಕೆಟ್ ಕೊಂಡವರಿಗೆ ಪ್ರವಾಸದ ಕೊನೆಯ ಭಾಗ ಆ ಕಿಟಕಿಯ ಆಚೆಗಿರುತ್ತದೆ. ರೂಢಿ ಹೀಗಿದೆ: ಆ ಹಾರಾಟಗಳಿಗೆ ಸದ್ಯ ಲಭ್ಯವಿರುವ ಕೊನೆಯ ದಿನಾಂಕಗಳನ್ನು ಹಾಕಿ ಟಿಕೆಟ್ ಮಾಡಿಸಿ, ಕ್ಯಾಲೆಂಡರ್ ತೆರೆದುಕೊಂಡಂತೆ ಮುಂದಕ್ಕೆ ಸರಿಸುತ್ತ ಹೋಗುವುದು. ಮಾರ್ಗ ಬದಲಾಗದೆ ದಿನಾಂಕ ಅಥವಾ ಸಮಯ ಮಾತ್ರ ಬದಲಾದರೆ, ಅದೇ ಬುಕಿಂಗ್ ಕ್ಲಾಸ್‌ನಲ್ಲಿ (ಸೀಟಿನ ದರವರ್ಗ, ವಿವರ ಕೆಳಗಿದೆ) ಸೀಟಿದ್ದರೆ, ದಂಡ ಕಟ್ಟಬೇಕಿಲ್ಲ. ಮೊದಲೇ ಹೇಳಿದ ‘ದಿನಾಂಕ ಸಡಿಲ’ ಎಂಬ ಮಾತಿನ ನಿಜವಾದ ಬೆಲೆ ತಿಳಿಯುವುದು ಇಲ್ಲಿ.

ಮುಂದೆ ಸರಿಸುವ ಕೆಲಸವನ್ನು ಮರೆತರೆ ಸಂಸ್ಥೆ ನೆನಪಿಸುವುದಿಲ್ಲ. ಆ ತಾತ್ಕಾಲಿಕ ದಿನಾಂಕ ಬಂದು ನೀವು ಹತ್ತದೇ ಹೋದರೆ ಅದು ಗೈರುಹಾಜರಿಯಾಗುತ್ತದೆ. ಅದರ ಫಲವೇನೆಂದು ಕೆಳಗೆ ಬರುತ್ತದೆ.

ಮಾರ್ಗವನ್ನೇ ಬದಲಿಸಬೇಕಾದರೆ?

ಟಿಕೆಟನ್ನು ಹೊಸದಾಗಿ ನೀಡಬೇಕಾಗುತ್ತದೆ. ಅದಕ್ಕೆ ಶುಲ್ಕವಿದೆ, ತೆರಿಗೆಗಳನ್ನು ಮತ್ತೆ ಲೆಕ್ಕ ಹಾಕುತ್ತಾರೆ, ಹೊಸ ಮಾರ್ಗ ಮೇಲಿನ ಹಂತಕ್ಕೆ ಹೋದರೆ ವ್ಯತ್ಯಾಸವನ್ನೂ ಕಟ್ಟಬೇಕು. ಒಂದೊಂದು ಊರನ್ನು ಒಂದೊಂದು ಸಲ ಬದಲಿಸುವ ಬದಲು ಎಲ್ಲವನ್ನೂ ಯೋಚಿಸಿ ಒಟ್ಟಿಗೆ ಹೇಳಿದರೆ ಒಂದೇ ಶುಲ್ಕದಲ್ಲಿ ಮುಗಿಯುತ್ತದೆ.

ಒಂದು ಹಾರಾಟವನ್ನು ಬಿಟ್ಟು ಮುಂದಿನದನ್ನು ಹತ್ತಬಹುದೇ?

ಬೇಡ. ಕೂಪನ್‌ಗಳನ್ನು ಕ್ರಮವಾಗಿಯೇ ಬಳಸಬೇಕು. ನಡುವಿನ ಒಂದನ್ನು ತಿಳಿಸದೆ ಬಿಟ್ಟರೆ ಅದರ ಮುಂದಿನ ಕಾಯ್ದಿರಿಸುವಿಕೆಗಳೆಲ್ಲ ತಾನಾಗಿ ರದ್ದಾಗುತ್ತವೆ. ಆರನೆಯ ಹಾರಾಟ ತಪ್ಪಿಸಿಕೊಂಡು ಏಳನೆಯದಕ್ಕೆ ನಿಲ್ದಾಣಕ್ಕೆ ಹೋದವರಿಗೆ ಕೌಂಟರ್‌ನಲ್ಲಿ ಸಿಗುವುದು ಬೋರ್ಡಿಂಗ್ ಪಾಸ್ ಅಲ್ಲ, ದೂರವಾಣಿ ಸಂಖ್ಯೆ. ಗೆಳೆಯರ ಕಾರಿನಲ್ಲಿ ಮುಂದಿನ ಊರಿಗೆ ಹೋಗುವ ಅವಕಾಶ ಬಂತೆನ್ನಿ, ವಿಮಾನ ಹೊರಡುವ ಮೊದಲೇ ಕರೆ ಮಾಡಿ ಆ ಭಾಗವನ್ನು ಸರ್ಫೇಸ್ ಆಗಿ ಬದಲಿಸಿಕೊಳ್ಳಿ. ಶುಲ್ಕ ಹೋದರೂ ಟಿಕೆಟ್ ಉಳಿಯುತ್ತದೆ.

ವಿಮಾನದಲ್ಲಿ ಸೀಟುಗಳು ಖಾಲಿ ಕಾಣುತ್ತವೆ, ಆದರೂ ‘ಲಭ್ಯವಿಲ್ಲ’ ಎನ್ನುತ್ತಾರೆ. ಏಕೆ?

ಒಂದೇ ಎಕಾನಮಿ ಕೋಣೆಯ ಸೀಟುಗಳನ್ನು ಸಂಸ್ಥೆಗಳು ಹತ್ತಾರು ಅಕ್ಷರಗಳ ಕ್ಲಾಸ್‌ಗಳಾಗಿ ಹಂಚಿ ಬೇರೆ ಬೇರೆ ದರಕ್ಕೆ ಮಾರುತ್ತವೆ. ಭೂಪ್ರದಕ್ಷಿಣೆ ಟಿಕೆಟ್‌ಗೆ ನಿಗದಿಯಾದ ಅಕ್ಷರದಲ್ಲಿ ಸೀಟು ಉಳಿದಿರಬೇಕು. ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್‌ನಲ್ಲಿ ಎಕಾನಮಿಗೆ ಎಲ್, ಬಿಸಿನೆಸ್‌ಗೆ ಡಿ, ಫಸ್ಟ್‌ಗೆ ಎ. ದರದ ಸಂಕೇತವೂ ಇದರಿಂದಲೇ ಆದದ್ದು: ‘ಡಿಒಎನ್‌ಇ4’ ಎಂದರೆ ನಾಲ್ಕು ಖಂಡಗಳ ಬಿಸಿನೆಸ್ ಟಿಕೆಟ್. ಎಲ್‌ನಲ್ಲಿ ಸೀಟು ಮುಗಿದಿದ್ದರೆ ವಿಮಾನ ಅರ್ಧ ಖಾಲಿ ಹಾರಿದರೂ ನಿಮಗಿಲ್ಲ. ಹಬ್ಬ, ಶಾಲಾ ರಜೆಗಳ ಕಾಲದಲ್ಲಿ ಉದ್ದದ ಸಾಗರ ಹಾರಾಟಗಳನ್ನು ಮೊದಲು ಗಟ್ಟಿ ಮಾಡಿಕೊಂಡು, ಖಂಡದೊಳಗಿನ ಚಿಕ್ಕವನ್ನು ಆಮೇಲೆ ಜೋಡಿಸುವುದು ಲೇಸು.

ಫಸ್ಟ್ ಕ್ಲಾಸ್ ಟಿಕೆಟ್ ಕೊಳ್ಳುವವರಿಗೊಂದು ಮಾತು: ಎಷ್ಟೋ ವಿಮಾನಗಳಲ್ಲಿ ಆ ದರ್ಜೆಯೇ ಇಲ್ಲ. ಅಲ್ಲಿ ಬಿಸಿನೆಸ್‌ನಲ್ಲಿ ಕೂರಬೇಕು, ವ್ಯತ್ಯಾಸದ ಹಣ ಮರಳುವುದಿಲ್ಲ. ನಿಮ್ಮ ಮಾರ್ಗದಲ್ಲಿ ನಿಜವಾಗಿ ಎಷ್ಟು ಹಾರಾಟಗಳಲ್ಲಿ ಫಸ್ಟ್ ಇದೆ ಎಂದು ಎಣಿಸಿ ನೋಡದೆ ಆ ದರ ಕಟ್ಟುವುದು ದುಂದು.

ಎಲ್ಲಿಂದ ಹೊರಟರೂ ದರ ಒಂದೇಯೇ?

ಅಲ್ಲ. ಅದೇ ಹಂತದ, ಅದೇ ದರ್ಜೆಯ ಟಿಕೆಟ್ ಹೊರಡುವ ದೇಶಕ್ಕೆ ತಕ್ಕಂತೆ ಗಣನೀಯವಾಗಿ ಬದಲಾಗುತ್ತದೆ. ದರವನ್ನು ಆಯಾ ದೇಶದ ಮಾರುಕಟ್ಟೆ ನೋಡಿ ನಿಗದಿ ಮಾಡುತ್ತಾರೆ. ಅದಕ್ಕಾಗಿಯೇ ಕೆಲವರು ಬೇರೊಂದು ಟಿಕೆಟ್‌ನಲ್ಲಿ ಅಗ್ಗದ ದೇಶಕ್ಕೆ ಹೋಗಿ ಅಲ್ಲಿಂದ ಸುತ್ತು ಆರಂಭಿಸುತ್ತಾರೆ. ಇದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ. ಕೊನೆಗೆ ಹೊರಟ ದೇಶಕ್ಕೇ ಮರಳಬೇಕು, ಅಲ್ಲಿಂದ ಮನೆಗೆ ಇನ್ನೊಂದು ಟಿಕೆಟ್ ಬೇಕು ಎಂಬುದನ್ನು ಕೂಡಿಸಿ ನೋಡಿ. ಬಿಸಿನೆಸ್ ದರ್ಜೆಯಲ್ಲಿ ಈ ಸುತ್ತಾಟಕ್ಕೆ ಅರ್ಥವಿದೆ. ಎಕಾನಮಿಯಲ್ಲಿ ಹೆಚ್ಚಿನ ಸಲ ಉಳಿದದ್ದೆಲ್ಲ ಆ ಹೆಚ್ಚುವರಿ ಟಿಕೆಟ್‌ಗಳಿಗೇ ಸರಿಹೋಗುತ್ತದೆ.

ಸ್ಟಾರ್ ಅಲಯನ್ಸ್ ಹೊರಟ ದೇಶದ ಬೇರೆ ಊರಿನಲ್ಲಿ ಪ್ರಯಾಣ ಮುಗಿಸಲು ಬಿಡುತ್ತದೆ. ಬೇರೆ ಟಿಕೆಟ್‌ಗಳಲ್ಲಿ ಅದೇ ಊರಿಗೆ ಮರಳಬೇಕೇ ಎಂದು ದರದ ನಿಯಮದಲ್ಲಿ ಓದಿಕೊಳ್ಳಿ.

ಮೂಲದರಕ್ಕಿಂತ ಅಂತಿಮ ಮೊತ್ತ ಅಷ್ಟು ಹೆಚ್ಚಾಗುವುದು ಏಕೆ?

ಎರಡು ಬಗೆಯ ಸೇರ್ಪಡೆಗಳಿಂದ. ಒಂದು, ಸರ್ಕಾರಗಳು ಮತ್ತು ವಿಮಾನ ನಿಲ್ದಾಣಗಳು ವಿಧಿಸುವ ತೆರಿಗೆ. ಇನ್ನೊಂದು, ಇಂಧನ ಮೊದಲಾದ ಹೆಸರಿನಲ್ಲಿ ಸಂಸ್ಥೆಗಳೇ ಹೇರುವ ಸರ್‌ಚಾರ್ಜ್. ಮೊದಲನೆಯದನ್ನು ಊರು ಬದಲಿಸಿ ತಗ್ಗಿಸಬಹುದು, ಎರಡನೆಯದನ್ನು ಸಂಸ್ಥೆ ಬದಲಿಸಿ. ಒಂದೇ ಸಾಗರವನ್ನು ಒಂದೇ ಕೂಟದ ಎರಡು ಸಂಸ್ಥೆಗಳ ವಿಮಾನದಲ್ಲಿ ದಾಟುವಾಗ ಸರ್‌ಚಾರ್ಜ್‌ನಲ್ಲಿ ದೊಡ್ಡ ಅಂತರವಿರುವುದುಂಟು.

ತೆರಿಗೆಗೆ ಹೆಸರಾದ ಉದಾಹರಣೆ ಬ್ರಿಟನ್. ಅಲ್ಲಿ 1994ರಿಂದ ಏರ್ ಪ್ಯಾಸೆಂಜರ್ ಡ್ಯೂಟಿ ಇದೆ. ಅದು ಬಂದಿಳಿದವರಿಗಲ್ಲ, ಹೊರಡುವವರಿಗೆ. ದೂರ ಹೆಚ್ಚಿದಷ್ಟೂ, ದರ್ಜೆ ಮೇಲಾದಷ್ಟೂ ಹೆಚ್ಚು. 24 ಗಂಟೆಯೊಳಗೆ ವಿಮಾನ ಬದಲಿಸಿ ಮುಂದೆ ಹೋಗುವವರಿಗೆ ಸಾಮಾನ್ಯವಾಗಿ ಇಲ್ಲ. ಹಾಗಾಗಿ ಲಂಡನ್‌ನಲ್ಲಿ ಒಂದು ವಾರ ಕಳೆದು ಬಿಸಿನೆಸ್ ದರ್ಜೆಯಲ್ಲಿ ನೇರ ಅಮೆರಿಕಕ್ಕೆ ಹಾರುವವರು ದುಬಾರಿ ದಾರಿ ಹಿಡಿದಂತೆ. ತಮ್ಮ ಖರ್ಚಿನಲ್ಲಿ ಡಬ್ಲಿನ್‌ಗೆ ಹೋಗಿ ಅಲ್ಲಿಂದ ಅಟ್ಲಾಂಟಿಕ್ ದಾಟುವವರು ಈ ಹೊರೆಯನ್ನು ತಪ್ಪಿಸಿಕೊಳ್ಳುತ್ತಾರೆ. ಐರ್ಲೆಂಡ್ ತನ್ನ ವಿಮಾನಯಾನ ತೆರಿಗೆಯನ್ನು 2014ರಲ್ಲೇ ತೆಗೆದುಹಾಕಿದೆ. ಖರ್ಚಾಗುವುದು ಒಂದು ಸರ್ಫೇಸ್ ಸೆಕ್ಟರ್.

ಟಿಕೆಟ್ ನೀಡುವುದು ಯಾರು? ಸಮಸ್ಯೆಯಾದರೆ ಯಾರನ್ನು ಕೇಳಬೇಕು?

ಮೈತ್ರಿಕೂಟ ಟಿಕೆಟ್ ನೀಡುವುದಿಲ್ಲ. ಅದರ ಜಾಲತಾಣದಲ್ಲಿ ಮಾರ್ಗ ಜೋಡಿಸಿದರೂ ಕೊನೆಗೆ ಒಂದು ಸದಸ್ಯ ಸಂಸ್ಥೆಯೇ ಟಿಕೆಟ್ ಬರೆಯುತ್ತದೆ. ಯಾವುದೆಂದು ತಿಳಿಯಲು ಹದಿಮೂರು ಅಂಕಿಗಳ ಟಿಕೆಟ್ ಸಂಖ್ಯೆಯ ಮೊದಲ ಮೂರನ್ನು ನೋಡಿ: 001 ಅಮೆರಿಕನ್, 016 ಯುನೈಟೆಡ್, 081 ಕ್ವಾಂಟಸ್, 125 ಬ್ರಿಟಿಷ್ ಏರ್‌ವೇಸ್, 131 ಜಪಾನ್ ಏರ್‌ಲೈನ್ಸ್, 220 ಲುಫ್ತಾನ್ಸಾ, 618 ಸಿಂಗಪುರ್ ಏರ್‌ಲೈನ್ಸ್. ಬದಲಾವಣೆಗಳನ್ನು ಮಾಡಬೇಕಾದವರು ಇವರೇ. ನಾಳೆ ನೀವು ಹತ್ತಲಿರುವ ವಿಮಾನದ ಸಂಸ್ಥೆಗೆ ಕರೆ ಮಾಡಿದರೆ ‘ಟಿಕೆಟ್ ನೀಡಿದವರನ್ನು ಕೇಳಿ’ ಎಂಬ ಉತ್ತರ ಬರುವುದು ಇದರಿಂದಲೇ. ಟ್ರಾವೆಲ್ ಏಜೆಂಟರ ಮೂಲಕ ಕೊಂಡಿದ್ದರೆ ಮೊದಲ ಬಾಗಿಲು ಅವರದು.

ಇಲ್ಲಿ ಎಲ್ಲರೂ ಗೊಂದಲಕ್ಕೆ ಬೀಳುವ ಒಂದು ವಿಷಯ ಹೇಳಲೇಬೇಕು. ಕಾಯ್ದಿರಿಸುವಿಕೆ ಬೇರೆ, ಟಿಕೆಟ್ ಬೇರೆ. ಆರು ಅಕ್ಷರಗಳ ಪಿಎನ್‌ಆರ್‌ನಲ್ಲಿ ಇರುವುದು ಸೀಟಿನ ಕಾಯ್ದಿರಿಸುವಿಕೆ. ಹದಿಮೂರು ಅಂಕಿಗಳ ಸಂಖ್ಯೆಯಡಿ ಇರುವುದು ಹಣ ಕಟ್ಟಿದ ದಾಖಲೆ. ಸಂಸ್ಥೆಯೊಂದು ವೇಳಾಪಟ್ಟಿ ಬದಲಿಸಿ ನಿಮ್ಮನ್ನು ಬೇರೆ ವಿಮಾನಕ್ಕೆ ಹಾಕಿತೆನ್ನಿ. ಮೊಬೈಲ್‌ನಲ್ಲಿ ಹೊಸ ಸಮಯ ಕಾಣುತ್ತದೆ, ‘ದೃಢೀಕರಿಸಲಾಗಿದೆ’ ಎಂದೂ ಇರುತ್ತದೆ. ಆದರೆ ಟಿಕೆಟ್‌ನ ಕೂಪನ್ ಇನ್ನೂ ಹಳೆಯ ವಿಮಾನಕ್ಕೇ ಅಂಟಿಕೊಂಡಿರಬಹುದು. ಚೆಕ್-ಇನ್ ಮಾಡುವಾಗ ಕಂಪ್ಯೂಟರ್ ಟಿಕೆಟ್ ಇಲ್ಲ ಎನ್ನುತ್ತದೆ. ಹಿಂದೆ ಸಾಲು ಬೆಳೆಯುತ್ತದೆ. ಕೌಂಟರ್‌ನ ಸಿಬ್ಬಂದಿ ಬೇರೆ ದೇಶದ ಬೇರೆ ಸಂಸ್ಥೆಯ ಕಚೇರಿಗೆ ಕರೆ ಮಾಡಬೇಕಾಗುತ್ತದೆ, ಅಲ್ಲಿ ಆಗ ನಡುರಾತ್ರಿ. ಆದ್ದರಿಂದ ಪ್ರತಿ ಬದಲಾವಣೆಯ ನಂತರ ಒಂದೇ ಪ್ರಶ್ನೆ ಕೇಳಿ: ‘ಟಿಕೆಟನ್ನು ಮರುನೀಡಿದ್ದೀರಾ?’ ಹೌದೆಂದರೆ ಹೊಸ ರಸೀದಿ ಕಳುಹಿಸಲು ಹೇಳಿ, ಅದರಲ್ಲಿ ಉಳಿದ ಎಲ್ಲ ಹಾರಾಟಗಳೂ ಇವೆಯೇ ಎಂದು ಬೆರಳಿಟ್ಟು ಎಣಿಸಿ.

ಪ್ರತಿ ಸಂಸ್ಥೆಗೂ ತನ್ನದೇ ಪಿಎನ್‌ಆರ್ ಇರುವುದುಂಟು. ಸೀಟು, ಊಟ ಆರಿಸಲು ಅದು ಬೇಕಾಗುತ್ತದೆ, ಕೇಳಿ ಬರೆದಿಟ್ಟುಕೊಳ್ಳಿ.

ಲಗೇಜ್ ಮಿತಿ ಎಲ್ಲ ಹಾರಾಟಗಳಲ್ಲೂ ಒಂದೇ ಇರುತ್ತದೆಯೇ?

ಇರಲೇಬೇಕೆಂದಿಲ್ಲ. ಟಿಕೆಟ್ ರಸೀದಿಯಲ್ಲಿ ಪ್ರತಿ ಹಾರಾಟದ ಪಕ್ಕ ‘1ಪಿಸಿ’, ‘2ಪಿಸಿ’ ಅಥವಾ ‘30ಕೆ’ ಎಂಬಂಥ ಗುರುತಿರುತ್ತದೆ. ಪಿಸಿ ಎಂದರೆ ಚೀಲಗಳ ಸಂಖ್ಯೆ, ಕೆ ಎಂದರೆ ಒಟ್ಟು ಕಿಲೋ. ಇಡೀ ಪ್ರವಾಸಕ್ಕೆ ಅದರಲ್ಲಿ ಅತಿ ಕಡಿಮೆಯದನ್ನೇ ನಿಮ್ಮ ಮಿತಿ ಎಂದುಕೊಳ್ಳಿ.

ಪೂರ್ವಕ್ಕೆ ಹೋಗುವುದು ಒಳ್ಳೆಯದೋ ಪಶ್ಚಿಮಕ್ಕೋ?

ದರದಲ್ಲಿ ವ್ಯತ್ಯಾಸವಿಲ್ಲ. ದೇಹಕ್ಕೆ ಪಶ್ಚಿಮ ಹಿತ: ದಿನ ಉದ್ದವಾಗುತ್ತ ಹೋಗುತ್ತದೆ, ತಡವಾಗಿ ಮಲಗುವುದು ಬೇಗ ಮಲಗುವುದಕ್ಕಿಂತ ಸುಲಭ. ಪೂರ್ವಕ್ಕೆ ಹೋದರೆ ರಾತ್ರಿಗಳು ಕತ್ತರಿಸಿ ಹೋಗುತ್ತವೆ.

ಲೆಕ್ಕ ತಪ್ಪುವುದು ದಿನಾಂಕ ರೇಖೆಯಲ್ಲಿ. ಲಾಸ್ ಏಂಜಲೀಸ್‌ನಿಂದ ಸೋಮವಾರ ತಡರಾತ್ರಿ ಹೊರಟ ವಿಮಾನ ಸಿಡ್ನಿ ತಲುಪುವುದು ಬುಧವಾರ ಬೆಳಗ್ಗೆ. ಮಂಗಳವಾರ ನಿಮ್ಮ ಪಾಲಿಗೆ ಇರುವುದೇ ಇಲ್ಲ. ಎದುರು ದಿಕ್ಕಿನಲ್ಲಿ, ಸಿಡ್ನಿಯಿಂದ ಬೆಳಗ್ಗೆ ಹೊರಟವರು ಅದೇ ದಿನಾಂಕದ ಅದಕ್ಕಿಂತ ಮುಂಚಿನ ಹೊತ್ತಿನಲ್ಲಿ ಅಮೆರಿಕದಲ್ಲಿ ಇಳಿಯುತ್ತಾರೆ. ಹೋಟೆಲ್ ಕಾಯ್ದಿರಿಸುವಾಗ ಹೊರಡುವ ದಿನ ನೋಡಬೇಡಿ, ಇಳಿಯುವ ದಿನ ನೋಡಿ.

ವೀಸಾ ವಿಷಯದಲ್ಲಿ ಏನಾದರೂ ವಿಶೇಷವಿದೆಯೇ?

ಮುಂದಿನ ಪ್ರಯಾಣದ ಪುರಾವೆ ಕೇಳುವ ದೇಶಗಳಿಗೆ ಈ ಟಿಕೆಟ್ ಒಳ್ಳೆಯ ಉತ್ತರ. ಆದರೆ ಒಂದು ದೇಶದಲ್ಲಿ ಇಳಿದು ನೆರೆಯ ದೇಶದಿಂದ ಹಾರುವ ಮಾರ್ಗವಿದ್ದರೆ, ಗಡಿ ದಾಟುವ ರೈಲು ಅಥವಾ ಬಸ್ ಟಿಕೆಟನ್ನೂ ಇಟ್ಟುಕೊಳ್ಳಿ. ಅಧಿಕಾರಿಗೆ ಕಾಣುವುದು ಒಳಬಂದ ದಾರಿ ಮಾತ್ರ.

ಅಮೆರಿಕದಲ್ಲಿ ವಿಮಾನ ಬದಲಿಸಿ ಮೂರನೆಯ ದೇಶಕ್ಕೆ ಹೋಗುವವರೂ ವಲಸೆ ತಪಾಸಣೆಗೆ ಒಳಗಾಗಲೇಬೇಕು. ಹೊರಗೆ ಹೆಜ್ಜೆ ಇಡದಿದ್ದರೂ ವೀಸಾ ಅಥವಾ ಮುಂಗಡ ಅನುಮತಿ ಬೇಕು. ಅಟ್ಲಾಂಟಿಕ್, ಪೆಸಿಫಿಕ್ ಎರಡನ್ನೂ ದಾಟುವ ಟಿಕೆಟ್‌ನಲ್ಲಿ ಉತ್ತರ ಅಮೆರಿಕವನ್ನು ಬಿಟ್ಟು ಹೋಗುವುದು ಕಷ್ಟ. ಹಾಗಾಗಿ ಇದನ್ನು ಮೊದಲು ಬಗೆಹರಿಸಿಕೊಂಡು ಆಮೇಲೆ ಟಿಕೆಟ್‌ಗೆ ಕೈಹಾಕಿ.

ಮಕ್ಕಳಿಗೆ ರಿಯಾಯಿತಿ?

ಎರಡರಿಂದ ಹನ್ನೊಂದು ವರ್ಷದವರಿಗೆ ಸಾಮಾನ್ಯವಾಗಿ ವಯಸ್ಕರ ದರದ ಮುಕ್ಕಾಲು, ಸೀಟಿಲ್ಲದ ಶಿಶುವಿಗೆ ಹತ್ತನೆಯ ಒಂದು ಪಾಲು. ಪ್ರವಾಸದ ನಡುವೆ ಮಗುವಿಗೆ ಎರಡು ವರ್ಷ ತುಂಬಿದರೆ ಅಲ್ಲಿಂದ ಮುಂದೆ ಅದಕ್ಕೆ ಸೀಟು ಬೇಕು. ಇದನ್ನು ಟಿಕೆಟ್ ಮಾಡಿಸುವಾಗಲೇ ಹೇಳಿ.

ಬಿಡಿ ಬಿಡಿ ಟಿಕೆಟ್‌ಗಳನ್ನು ಕೊಂಡರೆ ಅಗ್ಗವಾಗುವುದಿಲ್ಲವೇ?

ಎಕಾನಮಿಯಲ್ಲಿ, ನಾಲ್ಕೈದು ಊರುಗಳ ಸುತ್ತಿಗೆ, ಎಷ್ಟೋ ಸಲ ಆಗುತ್ತದೆ. ಒಮ್ಮುಖ ಟಿಕೆಟ್‌ಗಳನ್ನು ಸುಲಭ ಬೆಲೆಗೆ ಮಾರುವ ಸಂಸ್ಥೆಗಳು ಬಂದ ಮೇಲೆ ಭೂಪ್ರದಕ್ಷಿಣೆ ಟಿಕೆಟ್‌ನ ಹಳೆಯ ಮೆರುಗು ತಗ್ಗಿರುವುದು ನಿಜ. ಬಿಸಿನೆಸ್ ದರ್ಜೆಯಲ್ಲಿ, ಹತ್ತಾರು ಹಾರಾಟಗಳಿದ್ದರೆ, ದಿನಾಂಕ ಬದಲಾಗುವ ಸಂಭವವಿದ್ದರೆ ಲೆಕ್ಕ ತಿರುಗುತ್ತದೆ. ದೂರದ, ಪೈಪೋಟಿಯಿಲ್ಲದ ಊರುಗಳಿಗೆ ಬಿಡಿ ಟಿಕೆಟ್ ಯಾವತ್ತೂ ದುಬಾರಿ. ಅಂಥ ಒಂದೆರಡು ಊರು ಕೂಟದ ಜಾಲದೊಳಗೆ ಸಿಕ್ಕರೆ ಅವೇ ಇಡೀ ದರವನ್ನು ಸಮರ್ಥಿಸುತ್ತವೆ.

ಇನ್ನೊಂದು ಮಗ್ಗುಲು ರಕ್ಷಣೆಯದು. ಒಂದೇ ಟಿಕೆಟ್‌ನಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಕ್ಕೆ ಕಳುಹಿಸುವ ಹೊಣೆ ಸಂಸ್ಥೆಯದು. ಬಿಡಿ ಟಿಕೆಟ್‌ಗಳಲ್ಲಿ ಎರಡನೆಯ ಸಂಸ್ಥೆಗೆ ನೀವು ತಡವಾಗಿ ಬಂದವರಷ್ಟೇ. ಎರಡೂ ಬೆಲೆಗಳನ್ನು ಹೋಲಿಸುವಾಗ ಬಿಡಿ ಟಿಕೆಟ್‌ಗಳ ಕಡೆಗೆ ಲಗೇಜ್ ಶುಲ್ಕ ಮತ್ತು ಒಂದು ದಿನಾಂಕ ಬದಲಾವಣೆಯ ದಂಡವನ್ನು ಸೇರಿಸಿಯೇ ಕೂಡಿ.